ನೀರಿನ ರುಚಿ ನೋಡುವ ಕೆಲಸ

ನನ್ನ ತಮ್ಮನ ಮಗಳು ವಿದ್ಯಾ ರಾಯಚೂರಿನ ಕಡೆ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಈಚೆಗೆ ಕೆಲಸಕ್ಕೆ ಸೇರಿದ್ದಾಳೆ. ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ಒಂದು ಮಧ್ಯಾಹ್ನ ಫೋನ್ ಮಾಡಿದಳು.

"ಅತ್ತೀ, ಇಲ್ಲಿ ರಿಪೋರ್ಟಿನ್ಯಾಗ ರುಚಿ ಅಂತ ಒಂದು ಸಾಲು ಅದ. ಎಲ್ಲಾರೂ ಕುಡದು ನೋಡದನ 'ಚೆನ್ನಾಗಿದೆ' ಅಂತ ಬರದುಬಿಡ್ತಾರ. ನಾನೂ ಹಂಗೇ ಬರೀಲೇನು?"

"ಬ್ಯಾಕ್ಟೀರಿಯಾ ಪರೀಕ್ಷೆ ಪಾಸಾದ ನೀರು ಇದ್ದರ ಕುಡದು ನೋಡು" ಅಂದೆ.

"ನೋಡಿದೆ. ನೀರಿನಂಗ ಇತ್ತು."

ನಗು ಬಂತು. ಫೋನ್ ಇಟ್ಟ ಮೇಲೆ ನೆನಪಾಯಿತು. ಈ ಉತ್ತರವನ್ನೇ ನಾನೂ ಒಬ್ಬರಿಗೆ ಕೊಟ್ಟಿದ್ದೆ. ಅವರು ಈಗ ಇಲ್ಲ. ಅವರಿಂದ ಕಲಿತದ್ದನ್ನು ಕೇಳುವವರೂ ಇಲ್ಲವೆಂದುಕೊಂಡು ನಿವೃತ್ತಿಯ ನಂತರ ತೆಪ್ಪಗಿದ್ದೆ. ಈಗ ಕೇಳುವ ಹುಡುಗಿಯೊಬ್ಬಳು ಸಿಕ್ಕಿರುವುದರಿಂದ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರ ಕಾಲದಲ್ಲಿ ಏನು ಸಿಕ್ಕಿತು ಎಂಬುದೆಲ್ಲ ಇದರಲ್ಲಿಲ್ಲ. ನೀರು ಮತ್ತು ಇಬ್ಬರು ಮೂವರು ಮನುಷ್ಯರು, ಇಷ್ಟೇ.

ನಾನು ರಾಯಚೂರು ಜಿಲ್ಲೆಯ ಕೃಷ್ಣೆಯ ದಂಡೆಯವಳು. ರಸಾಯನಶಾಸ್ತ್ರ ಓದಿ, ತೆಲುಗರ ಮನೆಗೆ ಸೊಸೆಯಾಗಿ ವಿಜಯವಾಡದ ಪಟಮಟಕ್ಕೆ ಬಂದೆ. ಗಂಡ ಪ್ರಸಾದ್ ಅಲ್ಲಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಮದುವೆ ಗೊತ್ತಾದಾಗ ನಮ್ಮವ್ವನಿಗೆ ಸಮಾಧಾನ ಕೊಟ್ಟ ವಿಷಯ ಒಂದೇ. "ದೂರ ಆದರೇನು, ನಮ್ಮ ಹೊಳಿ ನೀರೇ ಕುಡೀತಾಳ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ನಾನೂ ಹಾಗೇ ನಂಬಿದ್ದೆ. ಪಟಮಟದ ಮನೆಗೆ ಕಾಲಿಟ್ಟ ದಿನ ಅತ್ತೆಯವರು ಕೊಟ್ಟ ನೀರನ್ನು ಬಾಯಿಗೆ ಹಾಕಿಕೊಂಡಾಗ ಗಂಟಲಿನಲ್ಲಿ ಏನೋ ತಡೆದಂತಾಯಿತು. ನೀರು ದಪ್ಪಗಿತ್ತು. ಕುಡಿದಾದ ಮೇಲೂ ನಾಲಿಗೆಯ ಅಂಚಿನಲ್ಲಿ ಸಣ್ಣದೊಂದು ಉಪ್ಪು ಉಳಿದಿತ್ತು. ಇದು ನಮ್ಮ ಕೃಷ್ಣೆಯಲ್ಲ ಎನ್ನಿಸಿತು. ಹೊಸ ಸೊಸೆ ಅದನ್ನು ಯಾರಿಗೆ ಹೇಳುವುದು? ತವರಿನ ನೆನಪಿಗೆ ಹೀಗಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡು ಲೋಟ ಖಾಲಿ ಮಾಡಿದೆ.

ಕೆಲವು ವರ್ಷಗಳ ಮೇಲೆ ಅದೇ ಊರಿನ ನೀರಿನ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಕೃಷ್ಣೆಗೆ ಕಟ್ಟಿದ ಬ್ಯಾರೇಜಿನ ಹತ್ತಿರದಿಂದಲೂ ಊರಿನ ನಲ್ಲಿಗಳಿಂದಲೂ ಬಾಟಲಿಗಳು ಬರುತ್ತಿದ್ದವು. ಕ್ಲೋರಿನ್, ಗಡಸುತನ, ಕ್ಲೋರೈಡ್, ಹೀಗೆ ಒಂದೊಂದೇ ಪರೀಕ್ಷೆ ಮುಗಿಸಿ ಬರೆದಿಡುವುದು. ರುಚಿಯ ಸಾಲಿಗೆ ಬಂದಾಗ ಪೆನ್ನು ತಾನಾಗಿಯೇ 'ಚೆನ್ನಾಗಿದೆ' ಎಂದು ಬರೆಯುತ್ತಿತ್ತು. ಇಡೀ ಪ್ರಯೋಗಾಲಯದ ರೂಢಿಯೇ ಹಾಗಿತ್ತು.

ಎರಡು ಸಾವಿರದ ಇಸವಿಯ ಹೊತ್ತಿಗೆ ಭೀಮಸೇನರಾಯರು ನಮ್ಮ ಮುಖ್ಯ ಕೆಮಿಸ್ಟ್ ಆಗಿ ಕರ್ನೂಲಿನಿಂದ ವರ್ಗವಾಗಿ ಬಂದರು. ತುಂಗಭದ್ರೆಯ ಸೀಮೆಯ ಆದೋನಿ ಕಡೆಯವರು, ಮನೆಮಾತು ಕನ್ನಡ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ನಳಿನಿ ಮದುವೆಯಾಗಿ ವಿಶಾಖಪಟ್ಟಣದಲ್ಲಿದ್ದಳು. ರಾಯರು ತೆಳ್ಳಗೆ ಎತ್ತರಕ್ಕಿದ್ದು, ಬಿಳಿ ಅಂಗಿಯ ಪೂರ್ತಿ ತೋಳನ್ನು ಮೇ ತಿಂಗಳ ವಿಜಯವಾಡದಲ್ಲೂ ಮಡಚುತ್ತಿರಲಿಲ್ಲ. ಮೊದಲ ವಾರವೇ ಅವರು ನನ್ನ ಒಂದು ರಿಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು ಮೇಜಿನ ಹತ್ತಿರ ಬಂದರು.

"ನೀನು ರಾಯಚೂರಿನವಳಂತ?" ಎಂದು ಕನ್ನಡದಲ್ಲಿ ಕೇಳಿದರು. ಆಫೀಸಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ಎದ್ದು ನಿಂತೆ.

"ಹೌದರಿ ಸಾರ್."

"ಈ ನೀರು ಹೆಂಗಿತ್ತಮ್ಮಾ?"

"ನೀರಿನಂಗ ಇತ್ತರಿ ಸಾರ್."

ಅವರು ಬೈಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಗಾಜಿನ ಲೋಟಗಳಲ್ಲಿ ಮೂರು ಬಗೆಯ ನೀರು ಸುರಿದರು. ಬಾಯಿ ತೊಳೆದುಕೊಂಡು, ಒಂದೊಂದೇ ಗುಟುಕು ಬಾಯಿಯಲ್ಲಿಟ್ಟು, ನುಂಗದೆ, ಮೂಗಿನಿಂದ ಉಸಿರು ಬಿಟ್ಟು ನೋಡು ಎಂದರು. ಒಂದು ನಮ್ಮ ನಲ್ಲಿಯ ನೀರು, ಇನ್ನೊಂದು ಯಾವುದೋ ಬೋರ್‌ವೆಲ್ಲಿನದು, ಅವೆರಡೂ ಗೊತ್ತಾದವು. ಮೂರನೆಯದನ್ನು ಉಗಿದುಬಿಟ್ಟೆ.

"ಇದು ಚಲೋ ಇಲ್ಲ ಸಾರ್. ಸಪ್ಪಗ ಅದ. ಹಿಂದಿನಿಂದ ಕಹಿ ಬರ್ತದ."

"ಅದರಾಗ ಏನೂ ಇಲ್ಲ. ಈಗ ತಾನೇ ಭಟ್ಟಿ ಇಳಿಸಿದ ನೀರು" ಎಂದರು ರಾಯರು. "ನಮ್ಮ ಎಂಜಲಿನಾಗೇ ಉಪ್ಪು ಅದ. ನಾಲಿಗೆ ಅದಕ್ಕ ಒಗ್ಗಿರ್ತದ. ಏನೂ ಇಲ್ಲದ ನೀರು ಬಂದು ಆ ಉಪ್ಪನ್ನ ತೊಳಕೊಂಡು ಹೋದರ ನಾಲಿಗೆಗೆ ಕಹಿ ಅನಸ್ತದ. ನೀರಿನ ರುಚಿ ಅಂದರ ನೀರಿನಾಗ ಕರಗಿದ ಕಲ್ಲಿನ ರುಚಿ, ಮಣ್ಣಿನ ರುಚಿ."

ಅಂದು ನಾನು ಧೈರ್ಯ ಮಾಡಿ, ಮದುವೆಯಾದಾಗಿನಿಂದ ಯಾರಿಗೂ ಹೇಳದ ಮಾತನ್ನು ಅವರಿಗೆ ಹೇಳಿದೆ. ಇಲ್ಲಿನ ಕೃಷ್ಣೆ ನಮ್ಮೂರ ಕೃಷ್ಣೆಯ ಹಾಗಿಲ್ಲ, ಅದು ನನ್ನ ಭ್ರಮೆಯೇ ಎಂದು ಕೇಳಿದೆ. ರಾಯರು ಗೋಡೆಗೆ ಹಾಕಿದ ನಕಾಶೆಯ ಮುಂದೆ ನಿಂತರು. ನಿಮ್ಮೂರಿನ ಮುಂದೆ ಹರಿಯುವಾಗ ಕೃಷ್ಣೆ ಘಟ್ಟದ ಮಳೆಯನ್ನು ಕರಿಕಲ್ಲಿನ ಮೇಲಿಂದ ತಂದಿರುತ್ತಾಳೆ, ಇನ್ನೂ ಹಗುರ ಎಂದರು. ಆಮೇಲೆ ಭೀಮೆ ಕೂಡುತ್ತಾಳೆ, ಶಹಾಬಾದಿ ಕಲ್ಲಿನ ಸೀಮೆಯಿಂದ ಸುಣ್ಣ ತರುತ್ತಾಳೆ. ಆಮೇಲೆ ತುಂಗಭದ್ರೆ. ಆಮೇಲೆ ಪಲ್ನಾಡಿನ ಸುಣ್ಣಕಲ್ಲು. ನಡುವೆ ದೊಡ್ಡ ದೊಡ್ಡ ಅಣೆಕಟ್ಟುಗಳಲ್ಲಿ ನೀರು ಬಿಸಿಲಿಗೆ ನಿಲ್ಲುತ್ತದೆ. ಆವಿ ಮೇಲೆ ಹೋಗುತ್ತದೆ, ಉಪ್ಪು ಕೆಳಗೆ ಉಳಿಯುತ್ತದೆ. ಹೊಲಗಳಿಗೆ ಹೋದ ನೀರು ಮಣ್ಣಿನ ಉಪ್ಪು ಕಟ್ಟಿಕೊಂಡು ವಾಪಸು ಬರುತ್ತದೆ. ಊರುಗಳ ಚರಂಡಿ ಸೇರುತ್ತದೆ.

"ಹೆಸರು ಒಂದೇ ಅದಮ್ಮಾ" ಎಂದರು ಕೊನೆಗೆ. "ಆದರ ನೀ ಸಣ್ಣಾಕಿದ್ದಾಗ ಕುಡಿದದ್ದು ಇದಲ್ಲ. ನಿನ್ನ ನಾಲಿಗಿ ಸುಳ್ಳು ಹೇಳಿಲ್ಲ."

ಅಷ್ಟು ವರ್ಷಗಳಿಂದ ಒಳಗೆ ಹಿಡಿದಿಟ್ಟಿದ್ದ ಒಂದು ಸಂಕಟ ಅಂದು ಸಡಿಲವಾಯಿತು. ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಪ್ರಸಾದ್ ಊಟ ಮಾಡುತ್ತಿದ್ದವರು ತಲೆಯೆತ್ತಿ ತೆಲುಗಿನಲ್ಲಿ, "ಹಾಗಾದರೆ ಇಷ್ಟು ದಿನ ನನ್ನ ಮನೆಯ ನೀರು ಸಹಿಸಿಕೊಂಡು ಕುಡಿದೆಯಾ?" ಎಂದು ಕೇಳಿದರು. ತಮಾಷೆಗೇ ಕೇಳಿದ್ದು. ಆದರೂ ಆಮೇಲೆ ಕೆಲವು ದಿನ ನಾನು ನೀರು ಕುಡಿಯುವಾಗ ಅವರು ನನ್ನ ಮುಖ ನೋಡುತ್ತಿದ್ದರು.

ರಾಯರು ಪ್ರತಿ ಬೆಳಿಗ್ಗೆ ನಮಗೆಲ್ಲ ರುಚಿಯ ಪಾಠ ಶುರು ಮಾಡಿದರು. ಆ ಹೊತ್ತಿಗೆ ಮುಂಚೆ ಯಾರೂ ಕಾಫಿ ಕುಡಿಯುವಂತಿಲ್ಲ, ಈರುಳ್ಳಿ ತಿನ್ನುವಂತಿಲ್ಲ, ತಲೆಗೆ ಘಮಘಮ ಎಣ್ಣೆ ಹಚ್ಚುವಂತಿಲ್ಲ. ನೀರು ತೀರ ತಣ್ಣಗಿದ್ದರೆ ನಾಲಿಗೆ ಮಂಕಾಗುತ್ತದೆ, ಆದ್ದರಿಂದ ಕೋಣೆಯ ಬಿಸುಪಿಗೆ ಬರುವವರೆಗೆ ಕಾಯಬೇಕು. ಸುಣ್ಣದ ನೀರು ಬಾಯಿ ತುಂಬುತ್ತದೆ, ಮೆಗ್ನೀಸಿಯಂ ಹೆಚ್ಚಾದರೆ ಹಿಂದಿನಿಂದ ಸಣ್ಣಗೆ ಕಹಿ, ಕಬ್ಬಿಣವಿದ್ದರೆ ಹಳೆ ಮೊಳೆ ನೆಕ್ಕಿದಂತೆ. ಬೇಸಿಗೆಯಲ್ಲಿ ಕೆರೆ, ಜಲಾಶಯಗಳ ನೀರಿಗೆ ಮಣ್ಣಿನ ವಾಸನೆ ಬರುವುದು ಪಾಚಿಯಿಂದ. ಅದನ್ನು ಹಿಡಿಯುವುದು ನಾಲಿಗೆಯಲ್ಲ, ಮೂಗು. ಮಳೆಗಾಲದಲ್ಲಿ ಹೊಸ ನೀರು ಬಂದಾಗ ನದಿ ಹಗುರಾಗುತ್ತದೆ, ಬೇಸಿಗೆಯಲ್ಲಿ ನೆಲದೊಳಗಿನ ಒರತೆಯ ನೀರೇ ಹರಿಯುವುದರಿಂದ ಭಾರವಾಗುತ್ತದೆ. ಹೀಗೆ ಒಂದೇ ನದಿ ಒಂದೇ ಜಾಗದಲ್ಲೂ ವರ್ಷವಿಡೀ ಒಂದೇ ರುಚಿಯಲ್ಲಿರುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ರಾಯರನ್ನು ದೇವರೆಂದುಕೊಳ್ಳಬೇಡಿ. ಒಂದು ಬೇಸಿಗೆಯಲ್ಲಿ ಅವರು ಪಟಮಟದ ಕಡೆಯಿಂದ ಬಂದ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದವರೇ ಬೆಚ್ಚಿದರು. ಏನೋ ಎಣ್ಣೆಯಂಥ ರಾಸಾಯನಿಕದ ವಾಸನೆ ಎಂದರು. ಇನ್ನೊಂದು ಬಾಟಲಿ ತೆಗೆದರು, ಅದರಲ್ಲೂ ಅದೇ. ಕೂಡಲೇ ಇಂಜಿನಿಯರಿಗೆ ಫೋನ್ ಹೋಯಿತು, ನಮ್ಮ ಬಡಾವಣೆಯ ಸರಬರಾಜು ನಿಂತಿತು. ಮನೆಯಿಂದ ಅತ್ತೆಯವರು ಫೋನ್ ಮಾಡಿ, ನೀರು ಯಾಕೆ ನಿಲ್ಲಿಸಿದಿರಿ ಎಂದು ನನ್ನನ್ನೇ ಗದರಿಸಿದರು. ನಾವು ಯಾರು ಮೂಸಿದರೂ ಏನೂ ಸಿಗಲಿಲ್ಲ. ಮಧ್ಯಾಹ್ನ ರಾಯರು ಬೆವರು ಒರೆಸಿಕೊಳ್ಳಲು ಕರವಸ್ತ್ರ ತೆಗೆದಾಗ ಕೋಣೆಯ ತುಂಬ ನುಸಿಗುಳಿಗೆಯ ವಾಸನೆ ಹರಡಿತು. ಟ್ರಂಕಿನ ತಳದಿಂದ ಅಂದು ಬೆಳಿಗ್ಗೆ ತೆಗೆದದ್ದು, ಹೆಂಡತಿ ಎಂದೋ ಮಡಚಿಟ್ಟಿದ್ದು. ಅವರು ಕರವಸ್ತ್ರವನ್ನು ನೋಡಿದರು, ನಮ್ಮನ್ನು ನೋಡಿದರು. ಆ ಕರವಸ್ತ್ರವನ್ನೇ ಕೈಯಲ್ಲಿ ಹಿಡಿದುಕೊಂಡು ಇಂಜಿನಿಯರ ಕಚೇರಿಗೆ ನಡೆದುಹೋಗಿ, ತಪ್ಪು ತಮ್ಮದೆಂದು ಹೇಳಿ ನೀರು ಬಿಡಿಸಿದರು. ಮರುದಿನದ ಪಾಠದಲ್ಲಿ ಕರವಸ್ತ್ರವೂ ನಿಷೇಧದ ಪಟ್ಟಿಗೆ ಸೇರಿತು.

ಅವರು ನಿವೃತ್ತರಾಗಿ ಮಗಳ ಮನೆಗೆ ಹೋದ ಕೆಲವೇ ದಿನಗಳಲ್ಲಿ ನನಗೂ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪ್ರಸಾದ್ ಶಾಲೆ ಬಿಟ್ಟು ಬರುವಂತಿರಲಿಲ್ಲ, ಅತ್ತೆಗೆ ವಯಸ್ಸಾಗಿತ್ತು. ನಾನು ಆ ಊರಿನ ಅಂಚಿನ ದುವ್ವಾಡದ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ರಜೆ ಬಂದಾಗ ರೈಲು ಹತ್ತಿ ಪಟಮಟಕ್ಕೆ ಹೋಗುವುದು, ಮತ್ತೆ ಬಂದು ದುವ್ವಾಡದಲ್ಲಿ ಇಳಿಯುವುದು. ಬರುವಾಗ ಚೀಲದಲ್ಲಿ ಉಪ್ಪಿನಕಾಯಿಯ ಜೊತೆ ಒಂದು ಕ್ಯಾನು ಪಟಮಟದ ನೀರೂ ಇರುತ್ತಿತ್ತು. ಪ್ರಸಾದ್ ಸ್ಟೇಷನ್ನಿಗೆ ಅದನ್ನು ಹೊತ್ತು ತರುತ್ತ, "ಅಕ್ಕಡ ನೀಳ್ಳು ಲೇವಾ?" ಎನ್ನುತ್ತಿದ್ದರು, ಅಲ್ಲಿ ನೀರಿಲ್ಲವೇ ಎಂದು. ಮದುವೆಯಾಗಿ ಬಂದ ದಿನ ಗಂಟಲಿಗಿಳಿಯದ ನೀರಿಗಾಗಿ ಈಗ ನಾನು ಭಾರ ಹೊರುತ್ತಿದ್ದೆ. ವಾರವಿಡೀ ಊರಿಗೆಲ್ಲ ಈ ನೀರು ಒಳ್ಳೆಯದೆಂದು ಸಹಿ ಹಾಕುವ ಕೆಮಿಸ್ಟ್, ಸಂಜೆ ಮನೆಗೆ ಬಂದು ಬೇರೆ ಊರಿನ ನೀರಿನಲ್ಲಿ ಕಾಫಿ ಮಾಡಿಕೊಳ್ಳುತ್ತಿದ್ದಳು. ಕ್ಯಾನು ಖಾಲಿಯಾದ ಸಂಜೆ ಕಾಫಿಯೇ ಬೇಡವೆನ್ನಿಸುತ್ತಿತ್ತು.

ಆ ಕಾಲದಲ್ಲಿ ಪ್ರಯೋಗಾಲಯಕ್ಕೆ ಹೊಸ ಯಂತ್ರಗಳು ಬಂದವು. ಬ್ಯೂರೆಟ್ ಹಿಡಿದು ಹನಿ ಹನಿ ಬಿಟ್ಟು ಬಣ್ಣ ತಿರುಗುವುದನ್ನು ಕಾಯುತ್ತಿದ್ದ ಕೆಲಸದ ಉತ್ತರವನ್ನು ಯಂತ್ರ ಕಾಗದದ ಮೇಲೆ ಮುದ್ರಿಸಿ ಕೊಡುತ್ತಿತ್ತು. ಅದರ ಬಗ್ಗೆ ನನಗೆ ದೂರಿಲ್ಲ. ನಾವು ಕಾಣದ ವಿಷಗಳನ್ನು ಅದು ಹಿಡಿಯುತ್ತದೆ. ಆದರೆ ನೀರನ್ನು ಬಾಯಿಗೆ ಹಾಕಿಕೊಳ್ಳುವುದು ಹಳಬರ ಖಯಾಲಿ ಎಂಬ ಭಾವನೆಯೂ ಅದರ ಜೊತೆಗೇ ಬಂತು.

ಅದೇ ವೇಳೆಗೆ ಊರಿಗೆ ಕಾಲುವೆಯ ಮೂಲಕ ಗೋದಾವರಿ ನೀರು ಬರತೊಡಗಿತ್ತು. ಸಿಂಹಾಚಲಂ ಬೆಟ್ಟದ ಕೆಳಗಿನ ಒಂದು ಕಾಲನಿಯವರು ಅಲ್ಲಿಯವರೆಗೆ ಗೋಸ್ತನಿ ನದಿಯ ನೀರು ಕುಡಿಯುತ್ತಿದ್ದವರು. ಒಂದು ದಿನ ಪೈಪು ಬದಲಾಯಿತು. ವಾರದೊಳಗೆ ಕಚೇರಿಗೆ ಜನ ಬಂದರು. ನೀರು ಚಪ್ಪಗಿದೆ, ಬೇಳೆ ಬೇಗ ಕರಗಿ ಮುದ್ದೆಯಾಗುತ್ತಿದೆ, ಸೋಪು ತೊಳೆದಷ್ಟೂ ನೊರೆ ಹೋಗುತ್ತಿಲ್ಲ, ಏನೋ ಪುಡಿ ಬೆರೆಸಿದ್ದಾರೆ ಎಂಬ ಮಾತು ಹಬ್ಬಿತ್ತು. ಕೆಲವು ಮನೆಯವರು ಆ ನೀರು ಬಿಟ್ಟು, ಮುಚ್ಚಿಹಾಕಿದ್ದ ಒಂದು ಹಳೆ ಬಾವಿಯ ನೀರು ಸೇದಲು ಶುರು ಮಾಡಿದ್ದರು. ಆ ಬಾವಿಯ ನೀರನ್ನು ಪರೀಕ್ಷಿಸಿದ್ದವಳು ನಾನೇ. ಅದರಲ್ಲಿ ಕೊಳಚೆ ಸೇರಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೆ. ಒಳ್ಳೆಯ ನೀರನ್ನು ಅನುಮಾನಿಸಿ ಮಕ್ಕಳಿಗೆ ಕೆಟ್ಟ ನೀರು ಕುಡಿಸುತ್ತಿದ್ದರು.

ಇಂಜಿನಿಯರು ಸಾಹೇಬರು, "ಎಲ್ಲ ಮಿತಿಯೊಳಗಿದೆ ಎಂದು ನೋಟಿಸು ಅಂಟಿಸಿ" ಎಂದರು. ಅಂಟಿಸಿದೆವು. ಜನ ಹರಿದುಹಾಕಿದರು. ಆಗ ರಾಯರ ನೆನಪಾಯಿತು. ಅವರ ಮಗಳ ಮನೆ ಅದೇ ಕಾಲನಿಯಲ್ಲಿತ್ತು. ಹೋಗಿ ವಿಷಯ ಹೇಳಿದೆ.

"ಜನ ಹೇಳೋದು ಖರೇನೇ ಅದಲ್ಲಮ್ಮಾ" ಎಂದರು. "ಗೋಸ್ತನಿ ಬೊರ್ರಾ ಗುಹೆಯ ಸುಣ್ಣದ ಕಲ್ಲಿನಾಗ ಹುಟ್ಟಿ ಬರ್ತದ. ಈ ಗೋದಾವರಿ ಅದಕ್ಕಿಂತ ಮೆದು. ಬ್ಯಾಳಿ ಲಗೂನ ಬೇಯೋದು, ನೊರಿ ಹೋಗದಿರೋದು ಎಲ್ಲಾ ಅದಕ್ಕೇ. ನೀವು ಎಲ್ಲಾ ಮಿತಿಯೊಳಗ ಅದ ಅಂತ ನೋಟಿಸು ಹಚ್ಚಿದರ ಯಾರು ನಂಬ್ತಾರ? ಬದಲಾಗ್ಯದ ಅಂತ ಮೊದಲು ಒಪ್ಪಿಕೊಳ್ಳಿ."

ಭಾನುವಾರ ಬೆಳಿಗ್ಗೆ ಕಾಲನಿಯ ಪಾರ್ಕಿನಲ್ಲಿ ಮೇಜು ಹಾಕಿಸಿದೆವು. ಗೋಸ್ತನಿಯ ನೀರು, ಗೋದಾವರಿಯ ನೀರು, ಎರಡನ್ನೂ ಶುದ್ಧೀಕರಿಸಿ ತಂದದ್ದು, ಹೆಸರು ಬರೆಯದೆ ಇಟ್ಟೆವು. ರಾಯರು ಮೊದಲು ತಾವು ಕುಡಿದು ಯಾವುದು ಯಾವುದೆಂದು ಹೇಳಿದರು. ಆಮೇಲೆ ಜನ ಒಬ್ಬೊಬ್ಬರೇ ಬಂದು ಕುಡಿದರು. ಬಹಳ ಮಂದಿ ಸರಿಯಾಗಿಯೇ ಗುರುತಿಸಿದರು. ತಮ್ಮ ಮಾತನ್ನು ಯಾರೋ ನಿಜವೆಂದು ಒಪ್ಪಿದ್ದರಿಂದಲೇ ಅರ್ಧ ಸಿಟ್ಟು ಇಳಿಯಿತು. ಮುಂದೆ ನಿಂತಿದ್ದ ಒಬ್ಬ ಹೆಂಗಸು ಮಾತ್ರ ತೆಲುಗಿನಲ್ಲಿ ಕೇಳಿದಳು, "ಹಾಗಾದರೆ ನಮ್ಮ ನೀರು ಇನ್ನು ಬರುವುದೇ ಇಲ್ಲವಾ?"

ರಾಯರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಬರುವುದಿಲ್ಲಮ್ಮಾ. ಊರು ದೊಡ್ಡದಾಯಿತು, ಆ ನದಿ ಸಾಲದು. ಇದಕ್ಕೆ ಒಗ್ಗುವುದಕ್ಕೆ ಕೆಲವು ದಿನ ಬೇಕು. ಆದರೆ ಆ ಬಾವಿ ಮಾತ್ರ ಬೇಡ" ಎಂದರು. ಹಳೆ ಬಾವಿಗೆ ಮತ್ತೆ ಮುಚ್ಚಳ ಬಿತ್ತು. ವಿದ್ಯಾಳಂಥ ಹೊಸಬರಿಗೆ ನಾನು ಹೇಳಬೇಕಾದ ವೃತ್ತಿಯ ಪಾಠ ಏನಾದರೂ ಇದ್ದರೆ ಅದು ಅಂದಿನದು. ಜನ ರುಚಿ ಬದಲಾಗಿದೆ ಎಂದಾಗ ಮೊದಲು ಲೋಟ ಎತ್ತಿ ಕುಡಿಯಿರಿ, ಆಮೇಲೆ ರಿಪೋರ್ಟು ತೋರಿಸಿ.

ಅದಾದ ಮುಂದಿನ ವರ್ಷ ನಳಿನಿಯ ಫೋನ್ ಬಂತು. ಅವಳ ಕನ್ನಡ ಅರ್ಧಂಬರ್ಧ, ಗಾಬರಿಯಾದಾಗ ಪೂರ್ತಿ ತೆಲುಗು. ತಂದೆಗೆ ಗಂಟಲ ಕ್ಯಾನ್ಸರ್, ವಿಕಿರಣ ಚಿಕಿತ್ಸೆ ನಡೆಯುತ್ತಿದೆ ಎಂದಳು. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಡ ಎಂದವರು ರಾಯರೇ.

"ನೀರು ಕುಡಿಯೋದಿಲ್ಲ ಆಂಟೀ. ಎರಡು ಸಲ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕ್ಸಿದ್ವಿ. ಹೀಗೇ ಆದ್ರೆ ಟ್ರೀಟ್‌ಮೆಂಟ್ ನಿಲ್ಲಿಸಬೇಕಾಗ್ತದೆ ಅಂದ್ರು ಡಾಕ್ಟರ್ ಗಾರು. ಮೀರು ಚೆಪ್ಪಂಡಿ ಆಂಟೀ, ನೀವು ಹೇಳಿದ್ರೆ ಕೇಳ್ತಾರೆ."

ಹೋದೆ. ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದರು. ಕತ್ತಿನ ಚರ್ಮ ಸುಟ್ಟು ಕಪ್ಪಾಗಿತ್ತು. ಬಿಳಿ ಅಂಗಿ ಹೆಗಲಿನಿಂದ ಜಾರುವಷ್ಟು ಸಡಿಲವಾಗಿತ್ತು. ಪಕ್ಕದಲ್ಲಿ ತುಂಬಿದ ಲೋಟ ಹಾಗೇ ಇತ್ತು.

"ಎಲ್ಲಾ ನೀರೂ ತುಕ್ಕು ಹಿಡಿದ ಕಬ್ಬಿಣ ಆಗ್ಯದಮ್ಮಾ" ಎಂದರು, ದನಿ ಒಡೆದಿತ್ತು. "ನಂಗ ಗೊತ್ತದ, ನೀರು ಚಲೋನೇ ಅದ, ಕೆಟ್ಟದ್ದು ನನ್ನ ನಾಲಿಗಿ. ಗೊತ್ತಿದ್ದರ ಏನಾತು, ಇಳಿಯಂಗಿಲ್ಲ."

ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಮಣ್ಣಿನ ಹೂಜಿಯಲ್ಲಿಟ್ಟು ತಣ್ಣಗೆ ಮಾಡಿ ಕೊಟ್ಟೆ. ಕುದಿಸಿದ ನೀರಿನೊಳಗಿನ ಗಾಳಿ ಹೋಗಿ ಅದು ಸತ್ತಂತಿರುತ್ತದೆ, ಎರಡು ತಂಬಿಗೆಗಳ ನಡುವೆ ಎತ್ತರದಿಂದ ಸುರಿದು ಗಾಳಿ ಸೇರಿಸಿ ಕೊಟ್ಟೆ. ಚಿಟಿಕೆ ಉಪ್ಪು ಹಾಕಿದೆ, ಸುಣ್ಣ ಕಡಿಮೆಯಿರುವ ನೀರು ತಂದೆ. ಪ್ರತಿ ಸಲವೂ ಅವರು ನನ್ನ ಮೇಲಿನ ಮರ್ಯಾದೆಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ತಲೆಯಾಡಿಸಿ ಲೋಟ ಕೆಳಗಿಡುತ್ತಿದ್ದರು. ಸಾವಿರಾರು ಜನರ ನೀರಿನ ರುಚಿ ಹೇಳಿದ ನಾಲಿಗೆ ಅದು. ನೋಡಲಾಗುತ್ತಿರಲಿಲ್ಲ.

ಒಂದು ಸಂಜೆ ನಾನು ಸೋತು ಕೈಚೆಲ್ಲಿದಾಗ ಅವರೇ ಕೇಳಿದರು. "ನಿನ್ನ ಚೀಲದಾಗ ಕ್ಯಾನು ಅದಲ್ಲ, ಅದು ಪಟಮಟದ್ದಾ?"

ನಾನು ಆ ಬೆಳಿಗ್ಗೆಯಷ್ಟೇ ವಿಜಯವಾಡದಿಂದ ಬಂದಿದ್ದೆ, ಸ್ಟೇಷನ್ನಿನಿಂದ ನೇರ ಕಚೇರಿಗೆ, ಅಲ್ಲಿಂದ ಅವರ ಮನೆಗೆ. ಹೌದೆಂದೆ.

"ನನಗ ಕೊಡಬ್ಯಾಡ. ನೀ ಕುಡಿ. ಕುಡದು ಹೆಂಗದ ಹೇಳು."

ಲೋಟಕ್ಕೆ ಸುರಿದುಕೊಂಡು ಬಾಯಲ್ಲಿಟ್ಟೆ. ಹಳೆಯ ಅಭ್ಯಾಸದಂತೆ ಮೂಗಿನಿಂದ ಉಸಿರು ಬಿಟ್ಟೆ. "ದಪ್ಪಗ ಅದ ಸಾರ್. ಅಂಚಿನಾಗ ಉಪ್ಪು. ಬ್ಯಾಸಿಗಿ ನೀರು, ಸುಣ್ಣ ಜಾಸ್ತಿ ಆಗ್ಯದ. ಕ್ಲೋರಿನ್ ಹಾರಿಹೋಗ್ಯದ. ಕೊನೀಗೆ ಒಂಚೂರು ಒಗರು, ಹುಣಸಿ ಚಿಗುರು ಕಡಿದಂಗ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈ ಚಾಚಿ ತಮ್ಮ ಲೋಟ ತೆಗೆದುಕೊಂಡರು. "ಇನ್ನೊಮ್ಮೆ ಹೇಳು." ನಾನು ಇನ್ನೊಂದು ಗುಟುಕು ಕುಡಿದು ಹೇಳಿದೆ. ನಾನು ಹೇಳುತ್ತಿರುವಾಗ ಅವರು ಕುಡಿದರು. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು. ಹಾಗೆ ಹೇಳುತ್ತ ಹೇಳುತ್ತ ಲೋಟ ಖಾಲಿಯಾಯಿತು. ಬಾಗಿಲಲ್ಲಿ ನಿಂತಿದ್ದ ನಳಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಂದಿನಿಂದ ಕಚೇರಿ ಮುಗಿದ ಮೇಲೆ ಅದೇ ನನ್ನ ಎರಡನೆಯ ಕೆಲಸವಾಯಿತು. ಇಬ್ಬರ ಲೋಟದಲ್ಲೂ ಸಾಮಾನ್ಯವಾಗಿ ಅವರ ಮನೆ ನಲ್ಲಿಯ ಕಾಯಿಸಿ ಆರಿಸಿದ ನೀರು. ನಾನು ಕುಡಿದು ಹೇಳುವುದು, ಅವರು ಕೇಳುತ್ತ ಕುಡಿಯುವುದು. ರುಚಿಗೆ ಇರುವ ಪದಗಳು ಬಹಳ ಬೇಗ ಮುಗಿದುಹೋದವು. ಸಪ್ಪೆ, ಸವಳು, ಒಗರು, ಗಡಸು ಎಂದು ಎಷ್ಟು ಸಲ ಹೇಳುವುದು? ಆಮೇಲೆ ನಾನು ನಮ್ಮೂರ ದಂಡೆಯನ್ನು ಹೇಳತೊಡಗಿದೆ. ಬೇಸಿಗೆಯಲ್ಲಿ ಮರಳಿನಲ್ಲಿ ಒರತೆ ತೋಡಿ ತಾಮ್ರದ ಕೊಡ ತುಂಬುತ್ತಿದ್ದುದು, ಮೊದಲು ಬಂದ ಕಲಕು ನೀರನ್ನು ಚೆಲ್ಲಿ ತಿಳಿ ಬರುವವರೆಗೆ ಕಾಯುತ್ತಿದ್ದುದು, ಅವ್ವ ಬೊಗಸೆಯಲ್ಲಿ ಹಿಡಿದು ಕುಡಿಸುತ್ತಿದ್ದುದು. ರಾಯರು ಅವರ ತುಂಗಭದ್ರೆಯನ್ನು ಹೇಳುತ್ತಿದ್ದರು. ಗಂಟಲು ನೋಯುತ್ತಿತ್ತು, ಆದರೂ ಪಿಸುದನಿಯಲ್ಲಿ ಹೇಳುತ್ತಿದ್ದರು. ಆ ಮನೆಯಲ್ಲಿ ಮೊಮ್ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ಎಷ್ಟೋ ದಿನದಿಂದ ಅವರು ನೀರಿನಷ್ಟೇ ಮಾತನ್ನೂ ಬಿಟ್ಟಿದ್ದರೆಂದು ನನಗೆ ಆಗ ತಿಳಿಯಿತು.

ನಾನು ಪಟಮಟಕ್ಕೆ ಹೋದ ದಿನಗಳಲ್ಲಿ ಏನು ಮಾಡುವುದೆಂದು ಚಿಂತೆಯಾಗುತ್ತಿತ್ತು. ಒಮ್ಮೆ ವಾಪಸು ಬಂದಾಗ ಹೊರಗಿನಿಂದಲೇ ನಳಿನಿಯ ದನಿ ಕೇಳಿತು. "ನಾನ್ನಾ, ಇವತ್ತು ಕೊಂಚ ಒಗರು ಇದೆ. ಆಮೇಲೆ... ಸಿಹಿ ಅಲ್ಲ, ಆದ್ರೆ ಸಿಹಿ ಪಕ್ಕ ಇದೆ." ತಂದೆಗಾಗಿ ಅವಳು ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಚಪ್ಪಲಿ ಬಿಡದೆ ಸ್ವಲ್ಪ ಹೊತ್ತು ಜಗಲಿಯಲ್ಲೇ ನಿಂತೆ.

ಚಿಕಿತ್ಸೆ ಮುಗಿಯಿತು. ಗಡ್ಡೆ ಕರಗಿದೆ ಎಂದರು. ರುಚಿ ಮಾತ್ರ ತಿರುಗಿ ಬರಲಿಲ್ಲ. ಬರಬಹುದು, ತಿಂಗಳುಗಳು ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು ಎಂದರು ಡಾಕ್ಟರು. ಅದೇ ಸುಮಾರಿಗೆ ತಮ್ಮನ ಮನೆಯ ಗೃಹಪ್ರವೇಶಕ್ಕೆ ನಾನು ಊರಿಗೆ ಹೋಗಿದ್ದೆ. ಬರುವಾಗ ಎರಡು ಬಾಟಲಿ ನೀರು ತಂದೆ, ಒಂದು ನಮ್ಮೂರ ಕೃಷ್ಣೆಯದು, ಇನ್ನೊಂದು ಸುತ್ತುಹಾಕಿ ಹೋಗಿ ತುಂಗಭದ್ರೆಯ ಸೇತುವೆಯ ಬಳಿ ಹಿಡಿದದ್ದು. ಸೋಸಿ, ಕುದಿಸಿ, ಆರಿಸಿ ಅವರ ಮುಂದಿಟ್ಟೆ. ತಮ್ಮ ನದಿಯ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಾಯಿಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ನಳಿನಿಯೂ ನಾನೂ ಕಾದೆವು.

"ಏನೂ ಇಲ್ಲಮ್ಮಾ" ಎಂದರು. ಲೋಟವನ್ನು ನನ್ನ ಕಡೆ ಸರಿಸಿ, "ಅಷ್ಟು ದೂರದಿಂದ ಹೊತ್ತು ತಂದೀ. ನೀನೇ ಕುಡದು ಹೇಳು" ಎಂದರು.

ಕುಡಿದೆ. ಹೇಳದೆ ಲೋಟಗಳನ್ನು ತೊಳೆಯಲು ಒಳಗೆ ಒಯ್ದೆ. ಅವರು ಒತ್ತಾಯಿಸಲಿಲ್ಲ. ಅಂದು ನಾನು ದುವ್ವಾಡಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು, ಇನ್ನು ಈ ಪ್ರಯತ್ನ ಬೇಡ, ನೀರು ಇಳಿಯುತ್ತಿದೆಯಲ್ಲ ಅಷ್ಟೇ ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ.

ಮಳೆಗಾಲ ಬಂದು ಹೋಗುವ ಹೊತ್ತಿಗೆ ಅವರು ಮನೆಯೊಳಗೆ ಓಡಾಡುವಷ್ಟಾದರು. ಒಂದು ಸಂಜೆ ನಾನು ಹೋದಾಗ ಅಂಗಳದಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತಿದ್ದರು. ನಳಿನಿ ಇಬ್ಬರಿಗೂ ನೀರು ತಂದುಕೊಟ್ಟಳು. ನಾನು ಕುಡಿದು ಹೇಳುವ ಮೊದಲೇ ಅವರು ಮಾತಾಡುತ್ತ ಮಾತಾಡುತ್ತ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದರು. ಮಾತು ನಿಂತಿತು. ಲೋಟದೊಳಗೆ ಬಗ್ಗಿ ನೋಡಿದರು. ಮತ್ತೊಂದು ಗುಟುಕು ಹಾಕಿಕೊಂಡು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದರು.

"ಕೃಷ್ಣಾ ನೀರಾ?" ಎಂದು ಕೇಳಿದರು. "ನಿಮ್ಮ ಪಟಮಟದ್ದು. ಹೌದಲ್ಲ?"

ನಾನು ನಳಿನಿಯ ಮುಖ ನೋಡಿದೆ. ಅವಳು ಹೌದೆನ್ನಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದಳು. ಹೌದೆಂದರೆ ಯಾರಿಗೇನು ನಷ್ಟ? ಆದರೆ ಎದುರಿಗೆ ನಿಂತಿದ್ದವರು ನನ್ನ ಚೀಫ್ ಕೆಮಿಸ್ಟ್.

"ಅಲ್ಲರಿ ಸಾರ್. ಇದು ನಿಮ್ಮ ಮನಿ ನಲ್ಲಿ ನೀರು. ಗೋದಾವರಿ."

"ತಪ್ಪಾತು?"

"ತಪ್ಪಾತರಿ ಸಾರ್."

ಅವರ ಮುಖದಲ್ಲಿ ಮೆಲ್ಲಗೆ ನಗು ಬಂತು. ಎಷ್ಟೋ ದಿನದಿಂದ ಆ ನಗುವನ್ನು ನಾನು ಕಂಡಿರಲಿಲ್ಲ. "ತಪ್ಪು ಹೇಳಬೇಕಂದರೂ ಬಾಯಿಗೆ ಏನರ ತಾಗಿರಬೇಕಲ್ಲಮ್ಮಾ" ಎಂದರು. "ಇನ್ನಷ್ಟು ಕೊಡು ನಳಿನೀ."

ಅವಳು ತಂಬಿಗೆಯನ್ನೇ ತಂದಳು. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಲೋಟ ಚಾಚಿದರು, ಕುಡಿದರು, ಮತ್ತೆ ಚಾಚಿದರು. ನಾವಿಬ್ಬರೂ ರುಚಿಯ ಮಾತನ್ನೇ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರಿಗೆ ಬಾಯಾರಿಕೆಯಾಗಿತ್ತು.